ಚಿತ್ರಲೇಖನದ ಅವಧಿ

ಪರೀಕ್ಷೆ ಸಮೀಪಿಸಿತೆಂದರೆ ಕೆಲವರು ತಾಯಿತಂದೆಗಳು ಚಿತ್ರಲೇಖನದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡಬೇಕೆಂದು ಕೇಳುವುದುಂಟು. ಅವರ ಕಳವಳವು ಸಹಜವೇ ಸರಿ. ಆದರೂ ಈ ಬೇಡಿಕೆಯನ್ನು ನಾನು ಒಪ್ಪಲಾರೆನು. ಅದರ ಕಾರಣವನ್ನು ಪೋಷಕರ ಮತ್ತು ಹಳೆಯ ವಿದ್ಯಾರ್ಥಿನಿಯರ ಮುಂದೆ ವಿನಯಪೂರ್ವಕವಾಗಿ ಇಡುತ್ತೇನೆ.

ಭೂದೃಶ್ಯವನ್ನು ಬರೆಯಿರೆಂದರೆ ನಮ್ಮ ಹುಡುಗಿಯರಲ್ಲಿ ಬಹುಮಂದಿ ಎರಡು ತ್ರಿಕೋಣಾಕಾರದ ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು, ಇಷ್ಟನ್ನೇ ಬರೆಯುವರು. ಕೃಷ್ಣರಾಜನಗರದ ಗದ್ದೆಬಯಲಿನಲ್ಲಿ ಬೆಳೆದವಳೂ ಅದನ್ನೇ ಬರೆಯುವಳು. ಹೆಗ್ಗಡದೇವನಕೋಟೆಯ ಕಾಡಂಚಿನವಳೂ ಅದನ್ನೇ ಬರೆಯುವಳು. ಇವರ ಕೈಗೆ ಶಕ್ತಿಯುಂಟು. ಕಣ್ಣಿಗೆ ಅಭ್ಯಾಸ ಸಾಲದು.

ಹಾಲೆಂಡ್ ದೇಶದ ಬಹುಭಾಗವು ಸಮತಟ್ಟಾದ ನೆಲ. ಅಂಥ ನಾಡಿನಲ್ಲಿ ರೆಂಬ್ರಾಂಟ್ (1606–1669) ಎಂಬ ಚಿತ್ರಕಾರನು ಆಮ್‌ಸ್ಟರ್‌ಡ್ಯಾಮ್ ನಗರದ ಹೊರಗಿನ ಕಾಲುವೆಗಳನ್ನೂ ಹುಲ್ಲುಹೊದಿಕೆಯ ಮನೆಗಳನ್ನೂ ಲೇಖನಿ ಮತ್ತು ಕಂದುಮಸಿಯಿಂದ ಬರೆದನು. ಅದೇ ದೇಶದ ವಿನ್ಸೆಂಟ್ ವ್ಯಾನ್ ಗೋ 1888ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿದ್ದಾಗ, ಜೊಂಡಿನ ಕಡ್ಡಿಯನ್ನು ಕೊರೆದು ಮಾಡಿದ ಲೇಖನಿಯಿಂದ ಅಲ್ಲಿಯ ವಿಸ್ತಾರವಾದ ಬಯಲನ್ನು ಚಿತ್ರಿಸಿದನು. ಆ ಚಿತ್ರಗಳಲ್ಲಿ ಸಮೀಪದ ಹುಲ್ಲಿಗೆ ದಪ್ಪ ಗೀರುಗಳು, ಹೊಲಗಳಿಗೆ ಚುಕ್ಕೆಗಳು. ದೂರ ಹೋದಂತೆಲ್ಲ ಅವು ಕಿರಿದಾಗುವುವು. ಗೆರೆಯ ಬಗೆ ಬದಲಾಗುವುದರಿಂದಲೇ ನೆಲದ ಒರಟು, ನುಣುಪು, ದೂರ ಎಲ್ಲವೂ ನಮಗೆ ತಿಳಿಯುವುವು.

ನಮ್ಮ ನಾಡಿನಲ್ಲಿಯೂ, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿದ ಕೆ. ಕೆ. ಹೆಬ್ಬಾರರು ಕೆಲವೇ ಗೆರೆಗಳಲ್ಲಿ ನರ್ತಿಸುವವರ ಚಲನೆಯನ್ನು ಹಿಡಿದಿಟ್ಟರು. ಅವರ ರೇಖಾಚಿತ್ರಗಳ ಗ್ರಂಥಕ್ಕೆ ‘ಹಾಡುವ ರೇಖೆ’ ಎಂಬರ್ಥದ ಇಂಗ್ಲಿಷ್ ಹೆಸರಿದೆ.

ಈ ವಿದ್ಯೆಗೆ ಹಣ ಬೇಕಿಲ್ಲ. ಒಂದು ಲೇಖನಿ, ಒಂದು ಬಣ್ಣದ ಮಸಿ, ಕಾಗದ ಇವಿಷ್ಟು ಸಾಕು. ಹುಣಸೂರಿನ ಲಕ್ಷ್ಮಣತೀರ್ಥದ ನೀರಿಗೆ ಎಂಥ ಗೆರೆ ತಕ್ಕುದು? ಪಿರಿಯಾಪಟ್ಟಣದ ಹೊಗೆಸೊಪ್ಪಿನ ಅಗಲವಾದ ಎಲೆಗೆ ಎಂಥದು? ಚುಂಚನಕಟ್ಟೆಯ ಬಂಡೆಗೂ ಅಲ್ಲಿ ಧುಮುಕುವ ಕಾವೇರಿಗೂ ಒಂದೇ ಬಗೆಯ ಗೆರೆ ಸಾಲುವುದೇ? ಇವಕ್ಕೆ ಉತ್ತರವನ್ನು ಹುಡುಗಿಯು ಸ್ವತಃ ನೋಡಿಯೇ ಕಂಡುಕೊಳ್ಳಬೇಕು. ಹೀಗೆ ನಿಧಾನವಾಗಿ ನೋಡಲು ಕಲಿತವಳು ಸಸ್ಯಶಾಸ್ತ್ರದ ಎಲೆಯನ್ನೂ ರೇಖಾಗಣಿತದ ಆಕೃತಿಯನ್ನೂ ಹೆಚ್ಚು ಗಮನದಿಂದ ನೋಡುವಳು.

ಆದುದರಿಂದ, ಪೋಷಕರೇ, ಈ ಒಂದು ಅವಧಿಯನ್ನು ಮಕ್ಕಳಿಂದ ಕಸಿದುಕೊಳ್ಳದಿರಿ. ರಜೆಯಲ್ಲಿ ಮಗಳು ಹೊಲದ ಬದುವಿನ ಮೇಲೆ ಕುಳಿತು ಬರೆಯುತ್ತಿದ್ದರೆ ಕಾಲಹರಣವೆಂದು ಗದರಿಸಿ ಎಬ್ಬಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಮನೆಯ ಮಗುವು ತ್ರಿಕೋಣದ ಬೆಟ್ಟವನ್ನು ಬರೆದು ತಂದರೆ ಅದನ್ನು ಪ್ರೀತಿಯಿಂದ ನೋಡಿರಿ. ಅನಂತರ ಮಗುವನ್ನು ಬಾಗಿಲಾಚೆಗೆ ಕರೆದೊಯ್ದು, ಅಲ್ಲಿ ಕಾಣುವುದನ್ನು ಬರೆಯೆಂದು ಹೇಳಿರಿ.