ತುಟಿ ಹೊಲಿಸಿದ್ರೆ ಮುಗೀತಾ? ಸೀಳು ಅಂಗುಳದ ಮಕ್ಕಳಿಗೆ ದವಡೆ ಅಳತೆಯೂ ಬೇಕು

ಸೀಳು ತುಟಿ, ಸೀಳು ಅಂಗುಳದ ಮಗು ಹುಟ್ಟಿದರೆ ನಮ್ಮ ಕಡೆ ಈಗಲೂ ಗ್ರಹಣವನ್ನೇ ದೂರ್ತಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಗರ್ಭದ ಮೊದಲ ಮೂರು ತಿಂಗಳಲ್ಲಿ ಕೂಡಬೇಕಾದ ಭಾಗಗಳು ಕೂಡದೇ ಉಳಿದರೆ ಹೀಗಾಗುತ್ತೆ. ಸುಮಾರು 700 ಮಕ್ಕಳಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತೆ. ಉಚಿತ ಆಪರೇಷನ್ ಸಿಗುತ್ತೆ ಅನ್ನೋದು ಈಗ ತುಂಬ ಜನಕ್ಕೆ ಗೊತ್ತು. ಆಮೇಲಿನ ಕಥೆ ಗೊತ್ತಿಲ್ಲ.

ತುಟಿಯ ಆಪರೇಷನ್ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೆ, ಅಂಗುಳದ್ದು 9ರಿಂದ 18 ತಿಂಗಳೊಳಗೆ ಆಗುತ್ತೆ. ಮಗುವಿನ ಮುಖ ನೋಡಿ ಮನೆಯವರು ನಿರಾಳ ಆಗ್ತಾರೆ. ಆದರೆ ಅಂಗುಳದ ಗಾಯ ಮಾಗಿದ ಜಾಗ ಗಟ್ಟಿಯಾಗಿ, ಮೇಲ್ದವಡೆ ಅಗಲಕ್ಕೂ ಮುಂದಕ್ಕೂ ಬೆಳೆಯದಂತೆ ತಡೆಯಬಹುದು. ಕೆಳದವಡೆ ಮಾತ್ರ ತನ್ನ ಪಾಡಿಗೆ ಬೆಳೀತಾ ಹೋಗುತ್ತೆ. ಶಾಲೆಗೆ ಹೋಗೋ ವಯಸ್ಸಿಗೆ ಮೇಲಿನ ಹಲ್ಲು ಹಿಂದೆ, ಕೆಳಗಿನದು ಮುಂದೆ. ಜಗಿಯೋಕೂ ಕಷ್ಟ, ಮಾತಿಗೂ ತೊಡಕು.

ಈ ವ್ಯತ್ಯಾಸ ಕಣ್ಣಂದಾಜಿಗೆ ಸಿಗಲ್ಲ. ಹಿಂದೆ ಬಾಯಿಯ ಅಚ್ಚು ತೆಗೆದು, ಪ್ಲಾಸ್ಟರ್ ಮಾದರಿ ಮಾಡಿ ಅಳೀತಿದ್ರು. ಕೂಸಿನ ಬಾಯಿಗೆ ಅಚ್ಚಿನ ಪೇಸ್ಟ್ ಹಾಕಿದರೆ ಉಸಿರು ಕಟ್ಟೋ ಭಯ. ಈಗ ಸ್ಕ್ಯಾನರ್ ಬಂದಿದೆ. ದವಡೆಯ ಆಕಾರ ಕಂಪ್ಯೂಟರಿನಲ್ಲಿ ಹಾಗೇ ಮೂಡುತ್ತೆ. ಗುರುತು ಹಾಕಿದರೆ ಕೋರೆಹಲ್ಲುಗಳ ನಡುವಿನ ಅಗಲ, ದವಡೆಯ ಉದ್ದ, ಅಂಗುಳದ ಆಳ ಎಲ್ಲ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಹಳೇ ಸ್ಕ್ಯಾನ್ ಜೊತೆ ಹೊಸದನ್ನು ಹೋಲಿಸಿದರೆ ಬೆಳವಣಿಗೆ ಎಲ್ಲಿ ನಿಂತಿದೆ ಅಂತ ತಿಳಿಯುತ್ತೆ.

ಇದರಿಂದ ಲಾಭ ಏನು? ಸಮಯ. ವಸಡಿನ ಸೀಳಿಗೆ ಮೂಳೆ ತುಂಬೋ ಆಪರೇಷನ್‌ಗೆ ಸುಮಾರು 8ರಿಂದ 11 ವರ್ಷ, ಕೋರೆಹಲ್ಲು ಬರೋ ಮುಂಚೆ, ಒಳ್ಳೆ ಕಾಲ. ದವಡೆ ಅಗಲ ಮಾಡೋ ಕ್ಲಿಪ್ಪೂ ಬೆಳೆಯೋ ವಯಸ್ಸಿನಲ್ಲೇ ಸುಲಭ. ತಪ್ಪಿದರೆ, ದೊಡ್ಡವರಾದ ಮೇಲೆ ದವಡೆಯನ್ನೇ ಕತ್ತರಿಸಿ ಜೋಡಿಸೋ ದೊಡ್ಡ ಆಪರೇಷನ್ ಬೇಕಾಗಬಹುದು.

ಆದರೆ ಸ್ಕ್ಯಾನರ್ ಎಷ್ಟೇ ಚುರುಕಾಗಿದ್ರೂ ಮಗು ಬಂದರೆ ತಾನೇ? ಇದಕ್ಕೆ ಬೇಕಾದ ತಜ್ಞರ ತಂಡ ಇರೋದು ಧಾರವಾಡ, ಮಂಗಳೂರು, ಬೆಂಗಳೂರಿನಂಥ ಊರುಗಳಲ್ಲಿ. ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜ್ ಲೆಕ್ಕ ಹಾಕಿ ಎಷ್ಟೋ ಮನೆಯವರು ಸುಮ್ಮನಾಗ್ತಾರೆ. ಸ್ಕ್ಯಾನ್ ಅಂದ್ರೆ ಒಂದು ಫೈಲ್. ಜಿಲ್ಲಾ ಆಸ್ಪತ್ರೆಯಲ್ಲೇ ತೆಗೆದರೆ ತಜ್ಞರು ಕೂತಲ್ಲೇ ನೋಡಬಹುದು, ಪ್ರತಿ ಸಲ ಮಗು ಓಡಾಡಬೇಕಿಲ್ಲ. ನಮ್ಮ ಜನಪ್ರತಿನಿಧಿಗಳನ್ನು ಕೇಳಬೇಕಾದ್ದು ಇದನ್ನೇ.

ಅಲ್ಲಿವರೆಗೆ ದಾರಿ ಇಲ್ಲ ಅಂತಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗೆ ಸೀಳು ತುಟಿ, ಸೀಳು ಅಂಗುಳವೂ ಸೇರಿದೆ. ಅದರ ತಂಡ ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬರುತ್ತೆ. ನಿಮ್ಮ ಓಣಿಯಲ್ಲಿ, ಅಂಗಡಿಗೆ ಬರೋರ ಮನೆಯಲ್ಲಿ ಆಪರೇಷನ್ ಆದ ಮಗು ಇದ್ದರೆ ಒಂದು ಮಾತು ಹೇಳಿ: ಹಳೇ ಡಿಸ್ಚಾರ್ಜ್ ಚೀಟಿ ಹುಡುಕಿ, ದವಡೆ ತೋರಿಸಿಕೊಂಡು ಬನ್ನಿ.