ನೆಲ ಓರೆಯಾಗದಿರಲಿ

ಯುಗಾದಿಯ ಆಸುಪಾಸಿನಲ್ಲೇ ಟೋಕಿಯೋದಲ್ಲಿ ಸಾಕುರಾ ಅರಳುತ್ತದೆ. ಆಗ ನಮ್ಮೆಲ್ಲರ ಕೈಯಲ್ಲೂ ಕ್ಯಾಮೆರಾ. ಊರಿನ ಅಜ್ಜ ಅಜ್ಜಿಯರು ಜಪಾನನ್ನು ನೋಡುವುದು ನಾವು ಕಳುಹಿಸುವ ಚಿತ್ರಗಳಲ್ಲೇ. ಒಮ್ಮೆ ಚಿದೊರಿಗಾಫುಚಿ ಕಂದಕದ ಚಿತ್ರವನ್ನು ಕಳುಹಿಸಿದಾಗ ನಮ್ಮ ತಾಯಿಯವರು ಹೂವಿನ ಬಗ್ಗೆ ಕೇಳಲೇ ಇಲ್ಲ. "ಅಲ್ಲಿ ನೀರೂ ಓರೆಯಾಗಿ ನಿಲ್ಲುತ್ತದಾ?" ಎಂದರು. ನಾವೆಲ್ಲ ನಕ್ಕೆವು. ಆದರೆ ಅವರ ಮಾತು ಸರಿಯಾಗಿತ್ತು.

ಹೀಗೇಕೆ ಆಗುತ್ತದೆ? ಹೂವನ್ನೇ ನೋಡುತ್ತಾ ಬಟನ್ ಒತ್ತುತ್ತೇವೆ, ದಿಗಂತವನ್ನು ಮರೆಯುತ್ತೇವೆ. ದಂಡೆಯ ಸಾಕುರಾ ಮರಗಳು ಬೆಳಕಿಗಾಗಿ ನೀರಿನ ಕಡೆಗೆ ಬಾಗಿರುತ್ತವೆ. ಅವನ್ನು ನೇರ ಮಾಡಲು ಹೋದರೆ ಊರೇ ವಾಲುತ್ತದೆ! ಅವುಗಳ ಬದಲು ದೀಪದ ಕಂಬವನ್ನೋ ಕಟ್ಟಡದ ಅಂಚನ್ನೋ ನೋಡಬೇಕು. ಕವಾಗುಚಿ ಸರೋವರದಲ್ಲಿ ಇನ್ನೊಂದು ಮೋಸ. ಓರೆಯಿಂದ ನೋಡಿದಾಗ ದೂರದ ದಡ ಇಳಿಜಾರಾಗಿಯೇ ಕಾಣುತ್ತದೆ. ಅದನ್ನು ನಂಬದೆ, 3,776 ಮೀಟರ್ ಎತ್ತರದ ಫ್ಯೂಜಿಯ ತುದಿಯೂ ನೀರಿನಲ್ಲಿರುವ ಅದರ ಪ್ರತಿಬಿಂಬದ ತುದಿಯೂ ಮೇಲೆ ಕೆಳಗೆ ಒಂದೇ ನೇರಕ್ಕೆ ಬಂದಿವೆಯೇ ಎಂದು ನೋಡಿ. ಸಮುದ್ರ ತೀರದಲ್ಲಾದರೆ ನೀರು ಆಕಾಶವನ್ನು ಸೇರುವ ಗೆರೆಯೇ ಸಾಕು. ಗಾರೆ ಕೆಲಸದವರ ರಸಮಟ್ಟದಂತೆ ನಮ್ಮ ಮೊಬೈಲಿನಲ್ಲೂ ಗ್ರಿಡ್ ಗೆರೆಗಳಿವೆ.

"ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಿದರಾಯಿತು, ಮಿಸ್" ಎನ್ನುತ್ತಾರೆ ಮಕ್ಕಳು. ನಿಜ. ಆದರೆ ಚಿತ್ರವನ್ನು ತಿರುಗಿಸಿದರೆ ನಾಲ್ಕೂ ಮೂಲೆಗಳನ್ನು ಕತ್ತರಿಸಬೇಕಾಗುತ್ತದೆ. ಅಂಚಿನಲ್ಲಿದ್ದ ಹೂಕೊಂಬೆಯೋ, ನಿಂತಿದ್ದ ಗೆಳತಿಯೋ ಅಲ್ಲಿಗೆ ಹೋಯಿತು. ಫಿಲ್ಮ್ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರಗಳು ಮಾತ್ರ. ಹಾಗಾಗಿ ಪ್ರತಿಯೊಂದಕ್ಕೂ ಯೋಚಿಸುತ್ತಿದ್ದೆವು. ಈಗ ಆತುರವೇ ಹೆಚ್ಚು.

ಆತುರದಿಂದ ಹಾಳಾಗುವುದು ಚಿತ್ರವೊಂದೇ ಅಲ್ಲ. 2024ರ ಮೇ ತಿಂಗಳಲ್ಲಿ ಫುಜಿಕವಾಗುಚಿಕೊ ಪಟ್ಟಣದವರು ಒಂದು ಅಂಗಡಿಯೆದುರು 2.5 ಮೀಟರ್ ಎತ್ತರದ ಕಪ್ಪು ಪರದೆ ಕಟ್ಟಿ ಫ್ಯೂಜಿಯ ನೋಟವನ್ನೇ ಮರೆಮಾಡಿದರು. ಚಿತ್ರಕ್ಕಾಗಿ ಬಂದವರು ಕಂಡಕಂಡಲ್ಲಿ ರಸ್ತೆ ದಾಟುವುದು, ಕಸ ಎಸೆಯುವುದು ಅವರಿಗೆ ಸಾಕಾಗಿ ಹೋಗಿತ್ತು. ಅತಿಥಿಗಳಾಗಿ ಈ ನಾಡಿನಲ್ಲಿರುವ ನಾವು ಇದನ್ನು ಮರೆಯಬಾರದು.

ಸಾಕುರಾ ಪೂರ್ತಿ ಅರಳಿದ ಮೇಲೆ ಉಳಿಯುವುದು ಸುಮಾರು ಒಂದು ವಾರ. ಆದರೂ ಅರೆಕ್ಷಣ ನಿಂತು ನೋಡುವಷ್ಟು ಸಮಯ ಎಲ್ಲರಿಗೂ ಇದೆ. ಪಾಲಕರೇ, ಮುಂದಿನ ವಸಂತದಲ್ಲಿ ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟು, ಮೊದಲು ದಾರಿಗೆ ಅಡ್ಡವಾಗದಂತೆ ನಿಲ್ಲಲು ಹೇಳಿ, ಆಮೇಲೆ ದಿಗಂತವನ್ನು ನೋಡಲು ಕಲಿಸಿ. ಐವತ್ತು ಚಿತ್ರಗಳು ಬೇಡ. ನೀರು ನೀರಿನಂತೆ ಸಮವಾಗಿ ನಿಂತ ಒಂದೇ ಒಂದು ಚಿತ್ರ ಊರಿನ ಅಜ್ಜಿಗೆ ಹೋಗಲಿ.