ಮೊದಲ ಪುಸ್ತಕದ ಬೆಲೆ ತೆರುವವರು ಯಾರು?

ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ ಕೃತಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸಂದಾಗ ಕನ್ನಡ ನಾಡು ಸಂಭ್ರಮಿಸಿದ್ದು ಸಹಜವೇ. ಆದರೆ ಅದೇ ಕನ್ನಡದಲ್ಲಿ ಚೊಚ್ಚಲ ಹಸ್ತಪ್ರತಿ ಹಿಡಿದು ಪ್ರಕಾಶಕರನ್ನು ಅರಸುವವರ ಪಾಡು ಬೇರೆಯೇ ಇದೆ. ‘ಮುದ್ರಣದ ವೆಚ್ಚ ನೀವೇ ಭರಿಸಿ’ ಎಂಬ ಮಾತು ಅನೇಕರಿಗೆ ಎದುರಾಗುವ ಮೊದಲ ಉತ್ತರ.

ಇದಕ್ಕೆ ಪ್ರಕಾಶಕರ ಲೋಭವೊಂದೇ ಕಾರಣವೆಂದರೆ ಅರ್ಧಸತ್ಯವಾದೀತು. ಕನ್ನಡ ಪುಸ್ತಕೋದ್ಯಮ ಬಹುಕಾಲದಿಂದ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನೆಚ್ಚಿಕೊಂಡಿದೆ. ಖರೀದಿ ವಿಳಂಬವಾದಾಗ, ಬಾಕಿ ಹಣ ಬಾರದಿದ್ದಾಗ ಸಣ್ಣ ಪ್ರಕಾಶಕರು ಹೊಸ ಹೆಸರುಗಳ ಮೇಲೆ ಬಂಡವಾಳ ಹೂಡಲು ಹಿಂಜರಿಯುತ್ತಾರೆ. ಬೇಡಿಕೆಗೆ ತಕ್ಕಷ್ಟೇ ಪ್ರತಿ ಮುದ್ರಿಸುವ ತಂತ್ರಜ್ಞಾನ ಬಂದ ಮೇಲೆ ಪುಸ್ತಕ ತರುವುದು ಸುಲಭವಾಯಿತು. ನಷ್ಟದ ಹೊರೆ ಮಾತ್ರ ಸದ್ದಿಲ್ಲದೆ ಲೇಖಕರ ಹೆಗಲಿಗೆ ಜಾರಿತು.

ಹಣ ಕೊಟ್ಟು ಪ್ರಕಟಿಸುವುದು ತಪ್ಪೇನಲ್ಲ. ಆದರೆ ಹಣವನ್ನೂ ಕೊಟ್ಟು, ಹಕ್ಕನ್ನೂ ಬಿಟ್ಟುಕೊಡುವುದು ಅನ್ಯಾಯ. 1957ರ ಕೃತಿಸ್ವಾಮ್ಯ ಕಾಯ್ದೆ ಈ ವಿಷಯದಲ್ಲಿ ಲೇಖಕರ ಪರವಾಗಿಯೇ ಇದೆ. ಕೃತಿ ರಚನೆಯಾದ ಕ್ಷಣದಿಂದಲೇ ಸ್ವಾಮ್ಯ ಹುಟ್ಟುತ್ತದೆ. ಅದಕ್ಕೆ ನೋಂದಣಿ ಕಡ್ಡಾಯವಲ್ಲ. ಲೇಖಕರ ಮರಣಾನಂತರವೂ ಅದು 60 ವರ್ಷ ಉಳಿಯುತ್ತದೆ. ಹಕ್ಕಿನ ವರ್ಗಾವಣೆ ಲಿಖಿತವಾಗಿರಲೇಬೇಕು. ಒಪ್ಪಂದದಲ್ಲಿ ಅವಧಿ ನಮೂದಾಗಿರದಿದ್ದರೆ ಅದನ್ನು 5 ವರ್ಷವೆಂದೇ ಪರಿಗಣಿಸಲಾಗುತ್ತದೆ. ‘ಸಮಸ್ತ ಹಕ್ಕುಗಳೂ ಪ್ರಕಾಶಕರವು’ ಎಂಬ ಒಂದು ಸಾಲಿಗೆ ಸಹಿ ಹಾಕಿದವರು ನಾಳೆ ಅನುವಾದ, ಚಲನಚಿತ್ರ, ಧ್ವನಿಪುಸ್ತಕದ ಅವಕಾಶ ಬಂದಾಗ ಕೈಕೈ ಹಿಸುಕಿಕೊಳ್ಳಬೇಕಾಗುತ್ತದೆ. ಅನುವಾದವೇ ಕನ್ನಡ ಕಥೆಗಳಿಗೆ ಜಗತ್ತಿನ ಬಾಗಿಲು ತೆರೆದಿರುವ ಈ ಹೊತ್ತಿನಲ್ಲಿ ಆ ಹಕ್ಕಿನ ಬೆಲೆ ಸಣ್ಣದಲ್ಲ. ಆದ್ದರಿಂದ ಒಂದು ಮುದ್ರಣಕ್ಕೆ ಅಥವಾ ನಿಗದಿತ ವರ್ಷಗಳಿಗೆ ಮಾತ್ರ ಪ್ರಕಟಣೆಯ ಅನುಮತಿ ನೀಡಿ, ಉಳಿದುದನ್ನು ತಮ್ಮಲ್ಲೇ ಇರಿಸಿಕೊಳ್ಳುವುದು ಲೇಸು. ಪ್ರತಿಗಳ ಸಂಖ್ಯೆ, ಗೌರವಧನದ ಪ್ರಮಾಣ, ಲೆಕ್ಕ ಒಪ್ಪಿಸುವ ಅವಧಿ ಕಾಗದದ ಮೇಲೆ ಇರಲಿ.

ಕೈಯಿಂದ ಹಣ ಹಾಕದೆ ಪ್ರಕಟಣೆಗೆ ಹೋಗುವ ದಾರಿಗಳೂ ಇವೆ. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ನಡೆಸಿಕೊಂಡು ಬಂದಿದೆ. ಕಥಾಸಂಕಲನ ಇನ್ನೂ ಹೊರತರದವರ ಹಸ್ತಪ್ರತಿಗಳಿಗೆ ‘ಛಂದ ಪುಸ್ತಕ’ ಸ್ಪರ್ಧೆ ಏರ್ಪಡಿಸಿ, ಗೆದ್ದ ಕೃತಿಯನ್ನು ತಾನೇ ಪ್ರಕಟಿಸಿದ ಪರಂಪರೆಯಿದೆ. ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆಗಳು ಹಲವು ಕಥೆಗಾರರಿಗೆ ಮೊದಲ ಓದುಗರನ್ನು ಒದಗಿಸಿವೆ. ಸ್ವತಃ ಪ್ರಕಟಿಸುವವರಿಗೆ ಐಎಸ್‌ಬಿಎನ್ ಸಂಖ್ಯೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ನೀಡುತ್ತದೆ. ಅದಕ್ಕೆಂದು ಪ್ರತ್ಯೇಕ ಶುಲ್ಕ ಕೇಳುವ ಮಧ್ಯವರ್ತಿಗಳ ಬಗ್ಗೆ ಎಚ್ಚರವಿರಲಿ.

ವ್ಯಕ್ತಿಗತ ಎಚ್ಚರವೊಂದೇ ಸಾಲದು ಎಂಬುದೂ ನಿಜ. ಗ್ರಂಥಾಲಯ ಖರೀದಿ ಕಾಲಕಾಲಕ್ಕೆ ನಡೆದು, ಅದರಲ್ಲಿ ಚೊಚ್ಚಲ ಕೃತಿಗಳಿಗೆ ನಿಶ್ಚಿತ ಪಾಲು ದೊರೆತರೆ ಪ್ರಕಾಶಕರಿಗೂ ಧೈರ್ಯ ಬಂದೀತು. ಪ್ರಶಸ್ತಿ ಬಂದ ದಿನ ಅಭಿನಂದಿಸುವ ಸರಕಾರ, ನಾಳಿನ ಪ್ರಶಸ್ತಿಗೆ ಅರ್ಹವಾಗಬಲ್ಲ ಹಸ್ತಪ್ರತಿ ದುಡ್ಡಿಲ್ಲವೆಂಬ ಕಾರಣಕ್ಕೆ ಪೆಟ್ಟಿಗೆಯಲ್ಲೇ ಉಳಿಯದಂತೆ ನೋಡಿಕೊಳ್ಳಬೇಕಾದ ಹೊಣೆಯನ್ನೂ ಹೊತ್ತಿದೆ.